ಮರಿ ಎಣಿಸುವ ಮೊದಲು ಕೆಚ್ಚಲು ಎಣಿಸು

‘ರೀ, ಕರಿಕಿವಿ ಈಯಾಕ ಹತ್ತೇತಿ, ಲಗೂನ ಬರ್ರಿ’ ಎಂದು ಹೆಂಡತಿ ಫೋನ್ ಮಾಡಿದಾಗ ರಾತ್ರಿ 11.30. ಜೇಜುರಿಯ ಕೈಗಾರಿಕಾ ಪ್ರದೇಶದಲ್ಲಿ ಎರಡನೇ ಪಾಳಿ ಮುಗಿಸಿ ಕಾರ್ಖಾನೆಯ ಗೇಟು ದಾಟುತ್ತಿದ್ದೆ. ಡಿಸೆಂಬರ್ ಚಳಿ. ಬೈಕ್ ಮೇಲೆ ಕೈ ಮರಗಟ್ಟಿದ್ದವು. ದೊಡ್ಡಿಗೆ ಬಂದು ನೋಡಿದರೆ ಒಂದು ಮರಿ ಆಗಲೇ ನಿಂತು ತಾಯಿಯ ಮೊಲೆ ಹುಡುಕುತ್ತಿತ್ತು. ಇನ್ನೊಂದು ಒಣಹುಲ್ಲಿನ ಮೇಲೆ ಒದ್ದೆಯಾಗಿ ಬಿದ್ದಿತ್ತು. ನನ್ನ ಅಂಗೈಗಿಂತ ಸ್ವಲ್ಪವೇ ಉದ್ದ. ಉಸಿರಾಡುತ್ತಿತ್ತು, ಅಷ್ಟೇ.

ಅವಳಿ ಮರಿ ಬೇಕೆಂದು ಮೂರು ವರ್ಷ ಕಾದವನು ನಾನು. ಬಂದ ದಿನ ಏನು ಮಾಡಬೇಕೆಂದೇ ತೋಚಲಿಲ್ಲ.

ನನ್ನೂರು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಕುರಿಗಾರ. ನಾನು ಎಂಜಿನಿಯರಿಂಗ್ ಸೇರಿದ ವರ್ಷ ಹಿಂಡಿನಲ್ಲಿ ಹತ್ತು ಕುರಿ ಉಳಿಸಿಕೊಂಡು ಉಳಿದದ್ದನ್ನೆಲ್ಲ ಫೀಸಿಗೆಂದು ಮಾರಿದರು. ಆ ಬಗ್ಗೆ ಅವರು ಎಂದೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಒಂಬತ್ತು ವರ್ಷದ ಹಿಂದೆ ಕೆಲಸಕ್ಕೆಂದು ಜೇಜುರಿಗೆ ಬಂದೆ. ಪುಣೆಯಿಂದ ಸುಮಾರು 50 ಕಿ.ಮೀ. ದೂರದ ಊರಿದು. ಮಳೆ ಕಡಿಮೆ. ಸುತ್ತಲಿನ ಪುರಂದರ ತಾಲ್ಲೂಕು ಅಂಜೂರ, ಸೀತಾಫಲಕ್ಕೆ ಹೆಸರುವಾಸಿ. ಗುಡ್ಡದ ಮೇಲೆ ಖಂಡೋಬಾ. ನಮ್ಮ ಕಡೆಯ ದೇವರಗುಡ್ಡ, ಮೈಲಾರದಲ್ಲಿ ನೋಡಿದ ಅದೇ ದೇವರು, ಅದೇ ಬಂಡಾರ. ಅಲ್ಲಿ ‘ಏಳುಕೋಟಿ’ ಎಂದು ಕೂಗುತ್ತೇವೆ, ಇಲ್ಲಿ ‘ಯೇಳಕೋಟ’ ಎನ್ನುತ್ತಾರೆ. ಬಾಡಿಗೆ ಮನೆ ಹಿಡಿದ ಮೊದಲ ವಾರವೇ ರಸ್ತೆಯಲ್ಲಿ ಧನಗರರ ಹಿಂಡು ಕಂಡಿತು. ಅದರ ವಾಸನೆ ಮೂಗಿಗೆ ಬಡಿದಾಗ ಊರು ನೆನಪಾಗಿ ಗಂಟಲು ಕಟ್ಟಿತು. ಎರಡು ವರ್ಷ ತಡೆದೆ. ಆಮೇಲೆ ಎರಡು ಎಕರೆ ಗುತ್ತಿಗೆ ಹಿಡಿದು, ಆರು ದಖನಿ ಕುರಿ ತಂದು ಕಟ್ಟಿದೆವು.

ದಖನಿ ಕುರಿ ಗಟ್ಟಿ ಜೀವ. ಬಿಸಿಲು ತಡೆಯುತ್ತದೆ, ಹತ್ತಾರು ಮೈಲಿ ನಡೆಯುತ್ತದೆ, ಒಣಹುಲ್ಲು ತಿಂದು ಬದುಕುತ್ತದೆ. ಆದರೆ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ. ಉಣ್ಣೆ ಒರಟು. ಕಂಬಳಿಗೆ ಆದೀತು, ಆದರೆ ಕೊಳ್ಳುವವರಿಲ್ಲ. ಕತ್ತರಿಸಿದವರ ಕೂಲಿಯೂ ನಮಗೆ ಹುಟ್ಟುವುದಿಲ್ಲ. ಹಾಗಾಗಿ ಲಾಭವೆಂದರೆ ಮರಿಯೇ. ಲೆಕ್ಕ ಹಾಕಿದ ನನಗೆ ಒಂದರ ಬದಲು ಎರಡು ಬಂದರೆ ಎಂಬ ಆಸೆ ಹುಟ್ಟಿತು.

ಆ ಆಸೆಗೆ ದಾರಿ ಹತ್ತಿರದಲ್ಲೇ ಇತ್ತು. ನೀರಾ, ಲೋಣಂದ ದಾಟಿ ಹೋದರೆ ಫಲಟಣ. ಅಲ್ಲಿ 1968ರಲ್ಲಿ ಬಿ.ವಿ. ನಿಂಬಕರ್ ಸ್ಥಾಪಿಸಿದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಚಂದಾ ನಿಂಬಕರ್ ಮತ್ತು ಅವರ ತಂಡ ಬಂಗಾಳದ ಸುಂದರಬನದ ಗ್ಯಾರೋಲ್ ಎಂಬ ಗಿಡ್ಡ ತಳಿಯ ಅವಳಿ ಹಡೆಯುವ ಗುಣವನ್ನು ದಖನಿ ಕುರಿಗೆ ತಂದು ‘ನಾರಿ ಸುವರ್ಣ’ ಎಂಬ ಕುರಿ ರೂಪಿಸಿದೆ. ಈ ಗುಣದ ಕಥೆ ಸ್ವಾರಸ್ಯದ್ದು. 1792-93ರಲ್ಲಿ ಬಂಗಾಳದಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಕುರಿಗಳ ಜೊತೆ ಅದೂ ಹೋಯಿತು. ಅಲ್ಲಿನ ಬೂರೂಲಾ ಎಂಬ ಫಾರ್ಮಿನ ಮೆರಿನೋ ಕುರಿಗಳು ಒಂದೇ ಸೂಲಿಗೆ ಹೆಚ್ಚು ಮರಿ ಹಾಕುವುದು ವಿಜ್ಞಾನಿಗಳ ಗಮನ ಸೆಳೆಯಿತು. ಅದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆ ಪತ್ತೆಯಾದದ್ದು 2001ರಲ್ಲಿ. ಇದೊಂದೇ ವಂಶವಾಹಿ. ಇದರ ಒಂದು ಪ್ರತಿ ಇದ್ದರೂ ಹೆಣ್ಣು ಕುರಿ ಅವಳಿ ಹಾಕುವ ಸಾಧ್ಯತೆ ಹೆಚ್ಚುತ್ತದೆ. ಟಗರಿನಲ್ಲಿ ಎರಡು ಪ್ರತಿ ಇದ್ದರೆ ಅದರ ಎಲ್ಲ ಹೆಣ್ಣು ಮರಿಗಳಿಗೂ ಒಂದು ಸಿಕ್ಕೇ ಸಿಗುತ್ತದೆ. ಅಂಥ ಒಂದು ಟಗರು ತಂದೆ. ಕರಿಕಿವಿ ಅದರ ಮಗಳು.

ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದ್ದೆ. ಕೇಳಿಸಿಕೊಂಡು ಒಂದೇ ಮಾತು ಹೇಳಿದ್ದರು: ‘ಮರಿ ಎಣಸೋಕಿಂತ ಮೊದ್ಲ ಕೆಚ್ಚಲ ಎಣಸ್ಬೇಕಪಾ.’ ಹಳೆಯ ಕಾಲದವರು ಹಾಗೇ ಎಂದುಕೊಂಡು ಸುಮ್ಮನಾಗಿದ್ದೆ.

ಆ ರಾತ್ರಿ ಮತ್ತೆ ಅಪ್ಪನಿಗೇ ಫೋನ್ ಮಾಡಿದೆ. ‘ಹಾಲ ಕುಡೀವಲ್ದು’ ಎಂದೆ. ‘ಬಾಯಾಗ ಬೆರಳ ಇಡು. ಬೆಚ್ಚಗೈತೋ ತಣ್ಣಗೈತೋ?’ ತಣ್ಣಗಿತ್ತು. ‘ಹಂಗಾರ ಹಾಲು ಹಾಕ್ಬ್ಯಾಡ. ಮೊದ್ಲ ಕಾಸು.’ ಮೈ ತಣ್ಣಗಾದ ಮರಿಯ ಹೊಟ್ಟೆ ಹಾಲು ಅರಗಿಸಲಾರದು. ಬಲವಂತ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ಸಾಯುತ್ತದೆ. ನಂತರ ಪಶುವೈದ್ಯರೂ ಅದನ್ನೇ ಹೇಳಿದರು. ಮರಿಯ ಮೈ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಅಪ್ಪ ಕೊಟ್ಟ ಕರಿ ಕಂಬಳಿಯಲ್ಲಿ ಸುತ್ತಿ, ಬಲ್ಬಿನ ಕೆಳಗೆ ಹೆಂಡತಿ ಮಡಿಲಲ್ಲಿ ಹಿಡಿದು ಕೂತಳು. ಒಂದು ತಾಸಿನ ಮೇಲೆ ಬಾಯಿ ಬೆಚ್ಚಗಾಯಿತು. ಬೆರಳು ಚೀಪಿತು.

ಇನ್ನು ಗಿಣ್ಣು ಹಿಂಡಬೇಕು. ಕುರಿಯ ಗರ್ಭದಲ್ಲಿ ತಾಯಿಯಿಂದ ಮರಿಗೆ ರೋಗ ತಡೆಯುವ ಶಕ್ತಿ ದಾಟುವುದಿಲ್ಲ. ಅದು ಬರುವುದು ಗಿಣ್ಣಿನಿಂದಲೇ, ಅದೂ ಮೊದಲ ದಿನದೊಳಗೆ. ಆಮೇಲೆ ಕುಡಿಸಿದರೆ ಹೊಟ್ಟೆ ತುಂಬೀತೇ ಹೊರತು ಆ ಶಕ್ತಿ ಕರುಳು ದಾಟಿ ರಕ್ತ ಸೇರದು. ಕರಿಕಿವಿಯ ಕೆಚ್ಚಲಿಗೆ ಕೈ ಹಾಕಿದಾಗ ಅಪ್ಪನ ಮಾತು ಅರ್ಥವಾಯಿತು. ಒಂದು ಮೊಲೆ ಕಟ್ಟಿತ್ತು, ಎಷ್ಟು ಎಳೆದರೂ ಹನಿ ಬರಲಿಲ್ಲ. ಇನ್ನೊಂದರಲ್ಲಿ ಒಂದು ಮರಿಗಾಗುವಷ್ಟೇ ಹಾಲು. ಅದರಲ್ಲೇ ಸ್ವಲ್ಪ ಹಿಂಡಿ ಬಾಟಲಿಯಲ್ಲಿ ಕುಡಿಸಿದೆವು. ಎರಡು ಮರಿಯ ಲೆಕ್ಕ ಹಾಕಿದ್ದ ನಾನು ತಾಯಿಯ ಲೆಕ್ಕವನ್ನೇ ಬಿಟ್ಟಿದ್ದೆ.

ಅಲ್ಲಿಂದ ಮೂರು ದಿನ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಮೂರು ತಾಸಿಗೊಮ್ಮೆ ಬಾಟಲಿ. ಎರಡನೇ ಕ್ಲಾಸಿನ ಮಗಳು ಮರಿಗೆ ‘ಬಂಡಾರ’ ಎಂದು ಹೆಸರಿಟ್ಟಳು. ಗಂಡು ಮರಿ. ಹೆಸರಿಡಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಅವಳು ಮೊಬೈಲಿನಲ್ಲಿ ಆಂಡಿಸ್ ಬೆಟ್ಟದ ಅಲ್ಪಾಕಾ ಮರಿಗಳ ವಿಡಿಯೊ ತೋರಿಸಿ, ಅದನ್ನೂ ತರೋಣ ಎಂದಳು. ಅಲ್ಪಾಕಾ ಹನ್ನೊಂದು ತಿಂಗಳಿಗೂ ಹೆಚ್ಚು ಗಬ್ಬವಿದ್ದು ಒಂದೇ ಮರಿ ಹಾಕುತ್ತದೆ. ಅವಳಿ ಬಹಳ ಅಪರೂಪ. ಅದೂ ಹೆಚ್ಚಾಗಿ ಹಗಲು ಹೊತ್ತಿನಲ್ಲೇ ಈಯುತ್ತದೆ. ಅಪ್ಪನಿಗೆ ಇದನ್ನು ಹೇಳಿದರೆ, ‘ಶಾಣ್ಯಾ ಪ್ರಾಣಿ ಅದು’ ಎಂದು ನಕ್ಕರು.

ನಾಲ್ಕನೇ ದಿನ ನಮ್ಮ ಹಳೆಯ ಕುರಿ ಸತ್ತ ಮರಿಯನ್ನು ಹಾಕಿತು. ಆ ಕುರಿಗೆ ಕೆಚ್ಚಲು ತುಂಬ ಹಾಲು, ಕುಡಿಯುವವರಿಲ್ಲ. ಇತ್ತ ಬಂಡಾರನಿಗೆ ಹಾಲಿಲ್ಲ. ಆದರೆ ಕುರಿ ಬೇರೆಯವರ ಮರಿಯನ್ನು ಮೂಸಿ ನೋಡಿ ತಲೆಯಿಂದ ಗುದ್ದಿ ದೂಡುತ್ತದೆ. ಪಕ್ಕದ ಹೊಲದ ಧನಗರ ಮಾವಶಿಗೆ ಹೇಳಿದೆ. ಬಂದು ನೋಡಿ, ‘ಸುರಿ ಆಣ’ ಎಂದರು. ಚಾಕು ತಂದುಕೊಟ್ಟೆ. ಸತ್ತ ಮರಿಯ ಚರ್ಮವನ್ನು ಅಂಗಿ ಬಿಚ್ಚಿದಂತೆ ಬಿಡಿಸಿ, ನಾಲ್ಕು ಕಾಲು ತೂರುವಂತೆ ಮಾಡಿ, ಬಂಡಾರನಿಗೆ ತೊಡಿಸಿದರು. ನಾನು ಮುಖ ತಿರುಗಿಸಿದೆ. ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಹಳೆಯ ಕುರಿ ಬಾಲದ ಹತ್ತಿರ ಮೂಸಿತು. ಮತ್ತೆ ಮೂಸಿತು. ಆಮೇಲೆ ಗುರುಗುಟ್ಟುತ್ತ ನೆಕ್ಕತೊಡಗಿತು. ಬಂಡಾರ ಮಂಡಿಯೂರಿ ಮೊಲೆಗೆ ಬಾಯಿ ಹಾಕಿದ. ಬಾಲ ಅಲ್ಲಾಡಿತು. ಮೂರು ದಿನ ಬಿಟ್ಟು ಆ ಚರ್ಮ ತೆಗೆದೆವು. ಅಷ್ಟರಲ್ಲಿ ಅವನು ಅದರ ಮಗನೇ ಆಗಿದ್ದ.

ಇಲ್ಲಿನ ಜನಪದ ಕಥೆಯಲ್ಲಿ ಖಂಡೋಬಾ ಧನಗರರ ಬಾಣಾಯಿಯನ್ನು ಮೆಚ್ಚಿ, ವೇಷ ಮರೆಸಿಕೊಂಡು ಅವಳ ಮನೆಯಲ್ಲಿ ಕುರಿ ಕಾಯುತ್ತಾನೆ. ಹಿಂಡನ್ನೆಲ್ಲ ಕೊಂದು, ಮದುವೆಗೆ ಒಪ್ಪಿದ ಮೇಲೆ ಮತ್ತೆ ಬದುಕಿಸುತ್ತಾನೆ. ಗುಡ್ಡ ಹತ್ತುವ ಮೆಟ್ಟಿಲ ಹಾದಿಯಲ್ಲಿ ಬಾಣಾಯಿಯ ಗುಡಿ ಇದೆ. ಮಗಳು ಮಾವಶಿಯನ್ನು ಕೇಳಿದಳು, ಸತ್ತ ಮರಿಯನ್ನು ದೇವರು ಯಾಕೆ ಬದುಕಿಸಲಿಲ್ಲ ಎಂದು. ಅದು ದೇವರ ಕೆಲಸ, ಹಾಲು ವ್ಯರ್ಥವಾಗದಂತೆ ನೋಡುವುದು ನಮ್ಮ ಕೆಲಸ ಎಂದರು ಮಾವಶಿ.

ಫೆಬ್ರುವರಿಯಲ್ಲಿ ಅಪ್ಪ ಬಂದರು. ಗುಡ್ಡಕ್ಕೆ ಹೋಗಿ ಬಂಡಾರ ಹಚ್ಚಿಕೊಂಡು ಬಂದವರು ನೇರ ದೊಡ್ಡಿಗೆ ನಡೆದು, ಒಂದೊಂದೇ ಕುರಿಯ ಕೆಚ್ಚಲು ಮುಟ್ಟಿ ನೋಡಿದರು. ಕರಿಕಿವಿ ಮತ್ತು ಇನ್ನೊಂದು ಕುರಿಯನ್ನು ಬೇರೆ ನಿಲ್ಲಿಸಿದರು. ‘ಇವುಕ್ಕ ಅವಳಿ ಸಾಕೋ ಶಕ್ತಿ ಇಲ್ಲ. ಇವುಗಳ ಹೆಣ್ಣ ಮರಿ ಇಟ್ಕೋಬ್ಯಾಡ. ಹಾಲಿರೋ ತಾಯಿ ಮಗಳ್ನ ಅಷ್ಟ ಇಟ್ಕೋ.’ ಟಗರನ್ನು ಸುತ್ತು ಹಾಕಿ ನೋಡಿ, ‘ಇದರ ತಪ್ಪೇನಿಲ್ಲ’ ಎಂದರು. ಅಂದಿನಿಂದ ಗಬ್ಬದ ಕುರಿಗೆ ಕೊನೆಯ ಒಂದೂವರೆ ತಿಂಗಳು ಕಾಳು, ಹಸಿ ಮೇವು ಹೆಚ್ಚು ಹಾಕುತ್ತೇವೆ. ಹೊಟ್ಟೆಯಲ್ಲಿ ಮರಿ ಬಲಿಯುವುದೂ ಕೆಚ್ಚಲು ತುಂಬುವುದೂ ಆಗಲೇ. ಮೇವು ಎಷ್ಟಕ್ಕೆ ಸಾಲುತ್ತದೋ ಅಷ್ಟೇ ಕುರಿ.

ಜೂನ್ ಹೊತ್ತಿಗೆ ಬಂಡಾರ ಹಿಂಡಿನಲ್ಲೇ ದಷ್ಟಪುಷ್ಟ ಮರಿಯಾಗಿದ್ದ. ಸಂತೆಗೆ ಹೋಗುವ ವಯಸ್ಸು. ನನಗೆ ಕೈ ಬರಲಿಲ್ಲ. ಅಪ್ಪನಿಗೆ ಫೋನ್ ಮಾಡಿ, ‘ಹೆಂಗ ಮಾರ್ಲಿ?’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಮಾರು. ನಾನೂ ಮಾರೀನಿ. ಹೆಸರಿಟ್ಟಿದ್ದ ಕುರಿನೂ ಮಾರೀನಿ. ಅದಕ್ಕ ನೀ ಓದೀದಿ.’ ಹದಿನೆಂಟು ವರ್ಷದಲ್ಲಿ ಅವರು ಆ ಮಾತು ಎತ್ತಿದ್ದು ಅದೇ ಮೊದಲು.

ಮಗಳಿಗೆ ಸುಳ್ಳು ಹೇಳಲಿಲ್ಲ. ಹಿಂದಿನ ದಿನವೇ ತಿಳಿಸಿದೆ. ಅತ್ತಳು, ಬೆಳಿಗ್ಗೆ ಎದ್ದು ತಾನೇ ಅವನ ಹಣೆಗೆ ಅರಿಶಿನ ಹಚ್ಚಿದಳು. ಬಂದ ಹಣದಲ್ಲಿ ಅವಳ ಶಾಲೆಯ ಬಸ್ಸಿನ ಬಾಡಿಗೆ ಕಟ್ಟಿದೆವು.

ಈಗ ಮತ್ತೆ ಚಳಿ ಶುರುವಾಗಿದೆ. ದೊಡ್ಡಿಯಲ್ಲಿ ಮೂರು ಗಬ್ಬದ ಕುರಿಗಳಿವೆ. ಮೂರರ ಕೆಚ್ಚಲನ್ನೂ ಮುಟ್ಟಿ ನೋಡಿದ್ದೇನೆ. ಈ ತಿಂಗಳು ಕೇಳಿಕೊಂಡು ಮೊದಲ ಪಾಳಿ ಹಾಕಿಸಿಕೊಂಡಿದ್ದೇನೆ, ರಾತ್ರಿ ಮನೆಯಲ್ಲಿರಲಿಕ್ಕೆ.