ಎಂಜಿನ್ ಒಂದೇ, ಹೆಸರು ಹಲವು: ಬ್ರೌಸರ್‌ಗಳ ಒಳಗೇನಿದೆ?

ಹೊಸ ಬ್ರೌಸರ್ ಒಂದನ್ನು ಸ್ಥಾಪಿಸಿಕೊಂಡ ಮಾತ್ರಕ್ಕೆ ಹಳೆಯದರ ಹಿಡಿತದಿಂದ ಬಿಡುಗಡೆ ದೊರೆತಂತಾಯಿತೇ? ಹಾಗೆಂದು ಹೇಳಲಾಗದು. ಬ್ರೇವ್, ವಿವಾಲ್ಡಿ, ಒಪೆರಾ, ಮೈಕ್ರೋಸಾಫ್ಟ್ ಎಡ್ಜ್, ಭಾರತದ ಉಲಾ - ಈ ಐದೂ ಬೇರೆ ಬೇರೆ ಸಂಸ್ಥೆಗಳಿಗೆ ಸೇರಿದ ಬ್ರೌಸರ್‌ಗಳು. ಲಾಂಛನ ಬೇರೆ, ಬಣ್ಣ ಬೇರೆ, ಸವಲತ್ತುಗಳೂ ಬೇರೆ. ಆದರೆ ಜಾಲತಾಣದ ಪುಟವನ್ನು ತೆರೆಯ ಮೇಲೆ ಮೂಡಿಸುವ ಕೆಲಸವನ್ನು ಈ ಐದರಲ್ಲಿಯೂ ಮಾಡುತ್ತಿರುವುದು ಒಂದೇ ತಂತ್ರಾಂಶ. ಅದನ್ನು ಬಹುಪಾಲು ಬೆಳೆಸುತ್ತಿರುವುದು ಗೂಗಲ್.

ಇದರಲ್ಲಿ ಮುಚ್ಚುಮರೆಯೇನೂ ಇಲ್ಲ. ಒಂದು ಬ್ರೌಸರಿನ ಎಂಜಿನ್ನನ್ನು ತೆಗೆದುಕೊಂಡು ಅದರ ಮೇಲೆ ಮತ್ತೊಂದನ್ನು ಕಟ್ಟಿ ಉಚಿತವಾಗಿ ಹಂಚುವ ಪದ್ಧತಿಗೆ ಕಾಲು ಶತಮಾನದ ಇತಿಹಾಸವಿದೆ. ಅದರಿಂದ ಬಳಕೆದಾರರಿಗೆ ಆಗಿರುವ ಲಾಭ ದೊಡ್ಡದು. ಅದರ ಜೊತೆಗೇ ಬಂದಿರುವ ಅಪಾಯವೂ ಸಣ್ಣದಲ್ಲ.

ಚಾಸಿ ಅವರದು, ಬಾಡಿ ಇವರದು

ನಮ್ಮ ರಸ್ತೆಗಳಲ್ಲಿ ಓಡಾಡುವ ಬಸ್ಸುಗಳನ್ನೇ ನೋಡಿ. ಎಂಜಿನ್ ಮತ್ತು ಚಾಸಿ ತಯಾರಾಗುವುದು ಯಾವುದೋ ದೊಡ್ಡ ಕಾರ್ಖಾನೆಯಲ್ಲಿ. ಅದರ ಮೇಲೆ ಬಾಡಿ ಕಟ್ಟಿ, ಆಸನ ಜೋಡಿಸಿ, ಬಣ್ಣ ಬಳಿದು ರಸ್ತೆಗಿಳಿಸುವವರು ಬೇರೆ. ಕೆಂಪು ಬಸ್ಸು, ಖಾಸಗಿ ಬಸ್ಸು, ಶಾಲಾ ವಾಹನ ಎಂದು ನಾವು ಗುರುತಿಸುವುದು ಮೇಲಿನ ಬಾಡಿಯನ್ನು. ಬ್ರೌಸರ್‌ಗಳ ಕತೆಯೂ ಹೆಚ್ಚುಕಡಿಮೆ ಹೀಗೆಯೇ.

ಜಾಲತಾಣವೊಂದು ನಿಮ್ಮ ಗಣಕಕ್ಕೆ ಕಳುಹಿಸುವುದು ಸಿದ್ಧ ಚಿತ್ರವನ್ನಲ್ಲ. ಎಚ್‌ಟಿಎಂಎಲ್‌ನಲ್ಲಿ ಬರೆದ ಪಠ್ಯ, ಅಂದಚೆಂದವನ್ನು ವಿವರಿಸುವ ಸಿಎಸ್‌ಎಸ್ ಸೂಚನೆಗಳು, ಚಟುವಟಿಕೆಗಳಿಗಾಗಿ ಜಾವಾಸ್ಕ್ರಿಪ್ಟ್ - ಇವಿಷ್ಟೇ ಬರುವುದು. ಇವನ್ನು ಓದಿ, ಯಾವ ಸಾಲು ಎಲ್ಲಿ ಕೂರಬೇಕು, ಯಾವ ಚಿತ್ರ ಎಷ್ಟು ಅಗಲವಿರಬೇಕು ಎಂದು ಲೆಕ್ಕ ಹಾಕಿ ತೆರೆಯ ಮೇಲೆ ಬಿಡಿಸುವ ಭಾಗಕ್ಕೆ ರೆಂಡರಿಂಗ್ ಎಂಜಿನ್ ಎಂದು ಹೆಸರು. ವಿಳಾಸಪಟ್ಟಿ, ಟ್ಯಾಬ್, ಬುಕ್‌ಮಾರ್ಕ್, ಗುಪ್ತಪದಗಳ ಸಂಗ್ರಹ ಮುಂತಾದವೆಲ್ಲ ಅದರ ಸುತ್ತ ಕಟ್ಟಿದ ಬಾಡಿ.

ಎಂಜಿನ್ನಿನ ಕೆಲಸ ಎಷ್ಟು ಸೂಕ್ಷ್ಮವೆಂಬುದಕ್ಕೆ 'ಕರ್ನಾಟಕ' ಎಂಬ ಪದವೇ ಸಾಕ್ಷಿ. ಯೂನಿಕೋಡ್‌ನಲ್ಲಿ ಇದು ಏಳು ಸಂಕೇತಗಳ ಸಾಲು: ಕ, ರ, ಹಲಂತದ ಗುರುತು, ನ, ದೀರ್ಘದ ಗುರುತು, ಟ, ಕ. ಸಂಗ್ರಹದಲ್ಲಿ 'ರ' ಮೊದಲು, 'ನ' ಆಮೇಲೆ. ತೆರೆಯ ಮೇಲಾದರೋ ಮೊದಲು 'ನಾ' ಬರೆದು ಅದರ ಬಲಕ್ಕೆ ಅರ್ಕಾವತ್ತನ್ನು ಇಡಬೇಕು. ಈ ಸ್ಥಾನಪಲ್ಲಟ ಗೊತ್ತಿಲ್ಲದ ಬ್ರೌಸರಿನಲ್ಲಿ ನಾಡಿನ ಹೆಸರೇ ಕೆಡುತ್ತದೆ.

ಇಂತಹ ಸಹಸ್ರಾರು ನಿಯಮಗಳನ್ನು, ಜಗತ್ತಿನ ಎಲ್ಲ ಲಿಪಿಗಳಿಗೂ ಅನ್ವಯಿಸುವಂತೆ, ವೇಗವಾಗಿಯೂ ಸುರಕ್ಷಿತವಾಗಿಯೂ ಜಾರಿಗೊಳಿಸುವ ಎಂಜಿನ್ನನ್ನು ಬರಿಗೈಯಿಂದ ಕಟ್ಟುವುದು ಸಣ್ಣ ಸಂಸ್ಥೆಗಳ ಅಳವಿಗೆ ಮೀರಿದ ಮಾತು. ಆದ್ದರಿಂದಲೇ ಎರವಲು.

ಟ್ರೈಡೆಂಟ್‌ನ ದಿನಗಳು

ಈ ಎರವಲು ಜನಪ್ರಿಯವಾದದ್ದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಏಕಚಕ್ರಾಧಿಪತ್ಯ ನಡೆಸುತ್ತಿದ್ದ ಕಾಲದಲ್ಲಿ. 1997ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಟ್ರೈಡೆಂಟ್ ಎಂಬ ಎಂಜಿನ್ ಇತ್ತು. ಅದನ್ನು ಬೇರೆ ತಂತ್ರಾಂಶಗಳೂ ತಮ್ಮೊಳಗೆ ಅಳವಡಿಸಿಕೊಳ್ಳುವಂತೆ ಮೈಕ್ರೋಸಾಫ್ಟ್ ಬಾಗಿಲು ತೆರೆದಿಟ್ಟಿತ್ತು.

2001ರಲ್ಲಿ ಎಕ್ಸ್‌ಪ್ಲೋರರ್‌ನ ಆರನೆಯ ಆವೃತ್ತಿ ಬಂತು. ನೆಟ್‌ಸ್ಕೇಪ್ ಸೋತು ಮೂಲೆ ಸೇರಿದ್ದರಿಂದ ಸ್ಪರ್ಧೆಯೇ ಉಳಿದಿರಲಿಲ್ಲ. ಏಳನೆಯ ಆವೃತ್ತಿಗಾಗಿ ಜಗತ್ತು 2006ರವರೆಗೆ ಕಾಯಬೇಕಾಯಿತು. ಆ ಐದು ವರ್ಷ ಟ್ಯಾಬ್ ಇಲ್ಲ, ಜಾಹೀರಾತು ತಡೆಯುವ ಸೌಲಭ್ಯವಿಲ್ಲ. ಹತ್ತು ಪುಟ ತೆರೆದರೆ ಹತ್ತು ಕಿಟಕಿ. ಈ ಕೊರತೆಯನ್ನು ತುಂಬಿದ್ದು ಮ್ಯಾಕ್ಸ್‌ಥಾನ್, ಅವಂತ್, ಸ್ಲಿಮ್‌ಬ್ರೌಸರ್ ಮುಂತಾದ ಉಚಿತ ಬ್ರೌಸರ್‌ಗಳು. ಮೈಐಇ2 ಎಂಬ ಹೆಸರಿನಲ್ಲಿದ್ದು ಅನಂತರ ಮ್ಯಾಕ್ಸ್‌ಥಾನ್ ಆದದ್ದು ಚೀನಾದ ತಂತ್ರಜ್ಞರ ಕೊಡುಗೆ. ಟ್ಯಾಬ್‌ಗಳು, ಮೌಸ್ ಸನ್ನೆಗಳು, ಪಾಪ್-ಅಪ್ ತಡೆ ಇವೆಲ್ಲವನ್ನೂ ಮೈಕ್ರೋಸಾಫ್ಟಿಗಿಂತ ಮೊದಲೇ, ಮೈಕ್ರೋಸಾಫ್ಟಿನ ಎಂಜಿನ್ನಿನ ಮೇಲೆಯೇ ಇವು ಒದಗಿಸಿದವು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಲಾಭವಿತ್ತು. ಆಗಿನ ಹಲವು ಭಾರತೀಯ ಭಾಷಾ ತಾಣಗಳು ಯೂನಿಕೋಡ್ ಬಳಸದೆ, ಪುಟದೊಡನೆಯೇ ಅಕ್ಷರಶೈಲಿಯನ್ನೂ ಇಳಿಸುವ ಡೈನಾಮಿಕ್ ಫಾಂಟ್ ತಂತ್ರವನ್ನು ನೆಚ್ಚಿಕೊಂಡಿದ್ದವು. ಮೈಕ್ರೋಸಾಫ್ಟ್ ರೂಪಿಸಿದ್ದ ಇಒಟಿ ಫಾಂಟುಗಳು ಟ್ರೈಡೆಂಟ್‌ಗೆ ಮಾತ್ರ ಅರ್ಥವಾಗುತ್ತಿದ್ದವು. ಇಂತಹ ತಾಣವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದರೆ, ಫಾಂಟನ್ನು ಮೊದಲೇ ಸ್ಥಾಪಿಸಿಕೊಂಡಿರದಿದ್ದಲ್ಲಿ, ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ. ಮ್ಯಾಕ್ಸ್‌ಥಾನ್‌ನಲ್ಲಿ ತೆರೆದರೆ ಅಚ್ಚುಕಟ್ಟಾದ ಕನ್ನಡ! ಬಾಡಿ ಯಾವುದಾದರೇನು, ಎಂಜಿನ್ ಎಕ್ಸ್‌ಪ್ಲೋರರ್‌ನದೇ ಆಗಿತ್ತಲ್ಲ.

ಆದರೆ ಎಂಜಿನ್ನಿನ ಗುಣದ ಜೊತೆಗೆ ದೋಷವೂ ಬರುತ್ತದೆ. ಟ್ರೈಡೆಂಟ್‌ನಲ್ಲಿ ಭದ್ರತಾ ಬಿರುಕು ಕಂಡುಬಂದಾಗಲೆಲ್ಲ ಅದನ್ನು ಹೊತ್ತ ಬ್ರೌಸರ್‌ಗಳೂ ಅಪಾಯಕ್ಕೆ ತೆರೆದುಕೊಂಡವು. ಎಕ್ಸ್‌ಪ್ಲೋರರ್ ಸುರಕ್ಷಿತವಲ್ಲವೆಂದು ಇವುಗಳತ್ತ ವಾಲಿದವರಿಗೆ ಸಿಕ್ಕಿದ್ದು ಅನುಕೂಲವೇ ಹೊರತು ಸುರಕ್ಷೆಯಲ್ಲ.

ಉಚಿತ ಬೇರೆ, ಮುಕ್ತ ಬೇರೆ

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮ್ಯಾಕ್ಸ್‌ಥಾನ್, ಅವಂತ್ ಉಚಿತವಾಗಿದ್ದವು, ಮುಕ್ತವಾಗಿರಲಿಲ್ಲ. ಕಾಸು ಕೊಡಬೇಕಿಲ್ಲ ಎಂಬುದು ಉಚಿತ. ಒಳಗಿನ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಮುಕ್ತ. ಟ್ರೈಡೆಂಟ್ ಎಂದೂ ಮುಕ್ತವಾಗಲಿಲ್ಲ. ಅದರ ಮೇಲೆ ಕಟ್ಟಿದವರಿಗೆ ಒಳಗೆ ಕೈಯಿಡುವ ಹಕ್ಕಿರಲಿಲ್ಲ.

ಮುಕ್ತ ಮಾರ್ಗ ಆರಂಭವಾದದ್ದು 1998ರಲ್ಲಿ, ನೆಟ್‌ಸ್ಕೇಪ್ ತನ್ನ ಬ್ರೌಸರಿನ ಮೂಲಸಂಕೇತವನ್ನು ಬಹಿರಂಗಗೊಳಿಸಿದಾಗ. ಅದರಿಂದ ಮೊಜಿಲ್ಲಾ ಯೋಜನೆಯೂ ಗೆಕೋ ಎಂಬ ಎಂಜಿನ್ನೂ ರೂಪುಗೊಂಡವು. 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್‌ನ ಮೊದಲ ಪೂರ್ಣ ಆವೃತ್ತಿ ಬರುವ ಮೊದಲೇ ಗೆಕೋ ಬಳಸಿದ ಬೇರೆ ಬ್ರೌಸರ್‌ಗಳಿದ್ದವು. ವಿಂಡೋಸ್‌ಗಾಗಿ ಹಗುರವಾದ ಕೆ-ಮೀಲಿಯಾನ್, ಲಿನಕ್ಸ್‌ನ ಗ್ನೋಮ್ ಬಳಗಕ್ಕೆ ಗೇಲಿಯಾನ್ ಮತ್ತು ಎಪಿಫನಿ, ಮ್ಯಾಕ್‌ಗಾಗಿ ಕಮೀನೋ. ಇವುಗಳಲ್ಲಿ ಎಪಿಫನಿ 2009ರಲ್ಲಿ ಗೆಕೋವನ್ನು ತೊರೆದು ವೆಬ್‌ಕಿಟ್‌ಗೆ ಬದಲಾಯಿಸಿಕೊಂಡಿತು. ಕಮೀನೋ 2013ರಲ್ಲಿ ನಿಂತುಹೋಯಿತು.

ಇನ್ನೊಂದು ವಂಶದ ಕತೆ ಇನ್ನಷ್ಟು ಸ್ವಾರಸ್ಯಕರ. ಲಿನಕ್ಸ್‌ನ ಕೆಡಿಇ ಬಳಗದ ಸ್ವಯಂಸೇವಕರು ತಮ್ಮ ಕಾಂಕರರ್ ಬ್ರೌಸರಿಗಾಗಿ ಕೆಎಚ್‌ಟಿಎಂಎಲ್ ಎಂಬ ಪುಟ್ಟ ಎಂಜಿನ್ ಬರೆದಿದ್ದರು. 2003ರ ಜನವರಿಯಲ್ಲಿ ಸಫಾರಿಯನ್ನು ಪ್ರಕಟಿಸಿದ ಆಪಲ್, ಅದಕ್ಕೆ ಆಧಾರ ಕೆಎಚ್‌ಟಿಎಂಎಲ್ ಎಂದು ತಿಳಿಸಿತು. ಆಪಲ್ ಬೆಳೆಸಿದ ರೂಪವೇ ವೆಬ್‌ಕಿಟ್. 2008ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಅದೇ ವೆಬ್‌ಕಿಟ್ ಬಳಸಿ ಕ್ರೋಮ್ ತಂದಿತು. 2013ರಲ್ಲಿ ಆಪಲ್‌ನಿಂದ ಕವಲೊಡೆದು ತನ್ನದಕ್ಕೆ ಬ್ಲಿಂಕ್ ಎಂದು ಹೆಸರಿಟ್ಟಿತು. ಮೂಲ ಕೆಎಚ್‌ಟಿಎಂಎಲ್ ಇಂದು ಬಳಕೆಯಿಂದ ಮರೆಯಾಗಿದೆ. ಆದರೆ ಅದರ ಸಂತತಿ ಜಗತ್ತಿನ ಬಹುಪಾಲು ಮೊಬೈಲು, ಗಣಕಗಳಲ್ಲಿ ನೆಲೆಸಿದೆ.

ಬೆಂಗಳೂರಿನ ಎಪಿಕ್, ಚೆನ್ನೈನ ಉಲಾ

ಭಾರತದಲ್ಲಿಯೂ ಈ ಪ್ರಯೋಗ ನಡೆಯಿತು. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆ ಎಪಿಕ್ ಎಂಬ ಬ್ರೌಸರನ್ನು ಬಿಡುಗಡೆ ಮಾಡಿತು. ಮೊಜಿಲ್ಲಾ ಸಂಕೇತದ ಮೇಲೆ ಕಟ್ಟಿದ ಅದರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಲಭ್ಯ, ವೈರಾಣು ತಪಾಸಣೆ ಇದ್ದವು. 2013ರಲ್ಲಿ ಅದೇ ಎಪಿಕ್ ಖಾಸಗಿತನಕ್ಕೆ ಒತ್ತು ಕೊಟ್ಟು ಹೊಸ ರೂಪ ತಾಳಿತು. ಆಗ ಅದರ ಆಧಾರ ಮೊಜಿಲ್ಲಾ ಅಲ್ಲ; ಗೂಗಲ್‌ನ ಮುಕ್ತ ಯೋಜನೆಯಾದ ಕ್ರೋಮಿಯಂ. ಜಗತ್ತಿನ ಗಾಳಿ ಯಾವ ಕಡೆಗೆ ತಿರುಗಿತ್ತೆಂಬುದಕ್ಕೆ ಈ ಒಂದು ಬದಲಾವಣೆಯೇ ನಿದರ್ಶನ.

2023ರಲ್ಲಿ ಕೇಂದ್ರ ಸರ್ಕಾರ ಸ್ವದೇಶಿ ಬ್ರೌಸರಿಗಾಗಿ ಸ್ಪರ್ಧೆ ಏರ್ಪಡಿಸಿತು. ಅದರ ಹೊಣೆ ಹೊತ್ತವರಲ್ಲಿ ಬೆಂಗಳೂರಿನ ಸಿ-ಡ್ಯಾಕ್ ಕೂಡ ಒಂದು. 2025ರ ಮಾರ್ಚ್‌ನಲ್ಲಿ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಜೋಹೋ ಸಂಸ್ಥೆಯ ಉಲಾ ಪಾಲಾಯಿತು. ಭಾರತದ್ದೇ ಆದ ಡಿಜಿಟಲ್ ಪ್ರಮಾಣಪತ್ರ ವ್ಯವಸ್ಥೆಯನ್ನು ನಂಬುವ ಬ್ರೌಸರ್ ಬೇಕೆಂಬುದು ಈ ಸ್ಪರ್ಧೆಯ ಮುಖ್ಯ ಆಶಯಗಳಲ್ಲೊಂದು. ಯಾವ ತಾಣದ ಪ್ರಮಾಣಪತ್ರವನ್ನು ನಂಬಬೇಕೆಂಬುದು ಬಾಡಿ ಕಟ್ಟುವವರು ನಿರ್ಧರಿಸಬಹುದಾದ ವಿಷಯ. ಹಾಗಾಗಿ ಎಂಜಿನ್ ಎರವಲಾಗಿದ್ದರೂ ಈ ಆಶಯ ಈಡೇರಬಹುದು. ಉಲಾ ಕೂಡ ಕ್ರೋಮಿಯಂ ಆಧಾರಿತವೇ.

ದೈತ್ಯರೂ ಶರಣಾದರು

ಸ್ವಂತ ಎಂಜಿನ್ ಸಾಕುವ ಭಾರ ಎಷ್ಟೆಂಬುದನ್ನು ಎರಡು ಘಟನೆಗಳು ತಿಳಿಸುತ್ತವೆ. ಪ್ರೆಸ್ಟೋ ಎಂಬ ಸ್ವಂತ ಎಂಜಿನ್ ಹೊಂದಿದ್ದ ನಾರ್ವೆಯ ಒಪೆರಾ 2013ರಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿತು. ಇದರಿಂದ ಬೇಸರಗೊಂಡ ಹಳೆಯ ಬಳಕೆದಾರರಿಗಾಗಿ ಒಪೆರಾದ ಸಹಸಂಸ್ಥಾಪಕ ಯಾನ್ ಫಾನ್ ಟೆಚ್ನರ್ ಕಟ್ಟಿದ ವಿವಾಲ್ಡಿ ಕೂಡ ಕ್ರೋಮಿಯಂ ಮೇಲೆಯೇ ನಿಂತಿತು. 2018ರ ಡಿಸೆಂಬರ್‌ನಲ್ಲಿ ಸ್ವತಃ ಮೈಕ್ರೋಸಾಫ್ಟ್ ಕೈಚೆಲ್ಲಿತು. 2020ರ ಜನವರಿಯಲ್ಲಿ ಹೊರಬಂದ ಹೊಸ ಎಡ್ಜ್‌ನ ಹೃದಯ ಗೂಗಲ್‌ನದು. ಒಂದು ಕಾಲಕ್ಕೆ ಊರಿಗೆಲ್ಲ ಎಂಜಿನ್ ಹಂಚುತ್ತಿದ್ದ ಸಂಸ್ಥೆ ತಾನೇ ಎರವಲಿಗೆ ಕೈಯೊಡ್ಡಿತು!

ಹಣದ ಕೊರತೆ ಮಾತ್ರ ಇದಕ್ಕೆ ಕಾರಣವಲ್ಲ. ಬಹಳಷ್ಟು ಜನ ಬಳಸುವ ಬ್ರೌಸರಿನಲ್ಲಿ ಮಾತ್ರ ಪರೀಕ್ಷಿಸಿ ತಾಣಗಳನ್ನು ಸಿದ್ಧಪಡಿಸುವ ಅಭ್ಯಾಸ ತಂತ್ರಜ್ಞರಲ್ಲಿ ಬೇರೂರಿದೆ. ಬೇರೆ ಎಂಜಿನ್‌ನಲ್ಲಿ ಪುಟ ಕೆಟ್ಟು ಕಂಡರೆ ಜನ ದೂರುವುದು ತಾಣವನ್ನಲ್ಲ, ಬ್ರೌಸರನ್ನು. 2002ರಲ್ಲಿ ಎಕ್ಸ್‌ಪ್ಲೋರರ್‌ಗೆ ದೊರೆತಿದ್ದ ಈ ಅನುಕೂಲ ಇಂದು ಕ್ರೋಮ್‌ಗೆ ದೊರೆತಿದೆ.

ಅಪಾಯ ಎಲ್ಲಿದೆ?

ಮೊದಲನೆಯದು ಸುರಕ್ಷತೆ. ಟ್ರೈಡೆಂಟ್ ಕಾಲದಲ್ಲಿ ಎಂಜಿನ್ ವಿಂಡೋಸ್‌ನ ಭಾಗವಾಗಿತ್ತು. ಮೈಕ್ರೋಸಾಫ್ಟ್ ಒಮ್ಮೆ ದುರಸ್ತಿ ಮಾಡಿದರೆ ಅದನ್ನು ಬಳಸುವ ಎಲ್ಲ ಬ್ರೌಸರ್‌ಗಳಿಗೂ ಫಲ ಸಿಗುತ್ತಿತ್ತು. ಕ್ರೋಮಿಯಂ ಹಾಗಲ್ಲ. ಪ್ರತಿಯೊಂದು ಬ್ರೌಸರೂ ಎಂಜಿನ್ನಿನ ತನ್ನದೇ ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಗೂಗಲ್ ದೋಷವನ್ನು ತಿದ್ದಿದ ಮೇಲೆ ಬೇರೆಯವರು ಅದನ್ನು ತಮ್ಮ ಪ್ರತಿಗೆ ಸೇರಿಸಿ ಹಂಚಬೇಕು. ತಿದ್ದುಪಡಿ ಬಹಿರಂಗವಾಗಿರುವುದರಿಂದ ದೋಷ ಎಲ್ಲಿತ್ತೆಂಬುದು ದುಷ್ಕರ್ಮಿಗಳಿಗೂ ತಿಳಿಯುತ್ತದೆ. ತಡಮಾಡಿದ ಬ್ರೌಸರಿನ ಬಳಕೆದಾರರು ಆ ಅವಧಿಯಲ್ಲಿ ಬಯಲಲ್ಲಿ ನಿಂತಂತೆ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ತೆರೆಯುವ ಸಂಕೇತಭಂಡಾರದಲ್ಲಿ ಗಂಭೀರ ದೋಷ ಪತ್ತೆಯಾದಾಗ ಕ್ರೋಮ್, ಎಡ್ಜ್, ಬ್ರೇವ್ ಮಾತ್ರವಲ್ಲ, ಅದೇ ಭಂಡಾರವನ್ನು ಬಳಸುತ್ತಿದ್ದ ಫೈರ್‌ಫಾಕ್ಸ್ ಕೂಡ ತುರ್ತು ಪರಿಷ್ಕರಣೆ ಹೊರಡಿಸಬೇಕಾಯಿತು.

ಎರಡನೆಯದು ಅಧಿಕಾರ. ಬ್ರೌಸರಿಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್‌ಗಳ ನಿಯಮಗಳನ್ನು ಗೂಗಲ್ ಬದಲಿಸಿ, 2024ರಿಂದ ಹಂತಹಂತವಾಗಿ ಹಳೆಯ ಪದ್ಧತಿಯನ್ನು ಸ್ಥಗಿತಗೊಳಿಸಿತು. ಯುಬ್ಲಾಕ್ ಒರಿಜಿನ್ ಎಂಬ ಹೆಸರಾಂತ ಜಾಹೀರಾತು ತಡೆ ತಂತ್ರಾಂಶ ಕ್ರೋಮ್‌ನಿಂದ ಹೊರಬಿತ್ತು. ಮೊಟಕುಗೊಳಿಸಿದ ರೂಪವಷ್ಟೇ ಉಳಿಯಿತು. ಗೂಗಲ್‌ನ ಮುಖ್ಯ ಆದಾಯ ಜಾಹೀರಾತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಬ್ರೇವ್ ತನ್ನದೇ ಜಾಹೀರಾತು ತಡೆಯನ್ನು ಬಾಡಿಯೊಳಗೇ ಕಟ್ಟಿಕೊಂಡಿದ್ದರಿಂದ ಅಷ್ಟಾಗಿ ಬಾಧಿತವಾಗಲಿಲ್ಲ. ಆದರೆ ಗೂಗಲ್ ಎಂಜಿನ್ನಿನಿಂದ ಕಿತ್ತುಹಾಕಿದ ಭಾಗವನ್ನು ಸ್ವಂತ ಖರ್ಚಿನಲ್ಲಿ ಉಳಿಸಿಕೊಂಡು, ಕೆಲವೇ ವಾರಗಳಿಗೊಮ್ಮೆ ಬರುವ ಪ್ರತಿ ಹೊಸ ಆವೃತ್ತಿಗೂ ಹೊಂದಿಸುತ್ತ ಹೋಗುವುದು ಸಣ್ಣ ಸಂಸ್ಥೆಗಳಿಗೆ ದಿನಗಳೆದಂತೆ ಹೊರೆಯಾಗುತ್ತದೆ.

ಹಾಗೆಂದು ಎರವಲನ್ನು ಹಳಿಯುವುದೂ ತರವಲ್ಲ. ಕ್ರೋಮಿಯಂ ಮುಕ್ತವಾಗಿದೆ. ಗೂಗಲ್ ಆಪಲ್‌ನಿಂದ ಕವಲೊಡೆದಂತೆ ನಾಳೆ ಮತ್ತೊಬ್ಬರು ಗೂಗಲ್‌ನಿಂದ ಕವಲೊಡೆಯಲು ಕಾನೂನಿನ ಅಡ್ಡಿಯಿಲ್ಲ, ಬೇಕಾದದ್ದು ಶಕ್ತಿ. ಹಂಚಿಕೊಳ್ಳುವುದರಿಂದ ಭಾಷೆಗಳಿಗೂ ಲಾಭವಿದೆ. ಕ್ರೋಮಿಯಂ, ಫೈರ್‌ಫಾಕ್ಸ್ ಎರಡರಲ್ಲಿಯೂ ಲಿಪಿಗಳನ್ನು ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಕನ್ನಡದ ಒತ್ತಕ್ಷರದ ದೋಷವೊಂದನ್ನು ಅಲ್ಲಿ ಸರಿಪಡಿಸಿದರೆ ಹತ್ತಾರು ಬ್ರೌಸರ್‌ಗಳಲ್ಲಿ ಸರಿಪಡಿಸಿದಂತೆ.

ಆಯ್ಕೆ ಮಾಡುವ ಮುನ್ನ

ಉಚಿತ ಬ್ರೌಸರೊಂದನ್ನು ಇಳಿಸಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಎಂಜಿನ್ ಯಾರದು? ಗಣಕದ ಮಟ್ಟಿಗೆ ಪ್ರಮುಖವಾಗಿ ಉಳಿದಿರುವುದು ಮೂರೇ: ಗೂಗಲ್‌ನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕೋ. ಐಫೋನಿನಲ್ಲಿ ಆಪಲ್ ಬಹುಕಾಲ ವೆಬ್‌ಕಿಟ್ ಹೊರತು ಬೇರೆ ಎಂಜಿನ್‌ಗೆ ಅವಕಾಶವನ್ನೇ ಕೊಡಲಿಲ್ಲ. ಐರೋಪ್ಯ ಒಕ್ಕೂಟದ ಕಾನೂನಿಗೆ ಮಣಿದು 2024ರ ಮಾರ್ಚ್‌ನಲ್ಲಿ ಅಲ್ಲಿ ಮಾತ್ರ ನಿರ್ಬಂಧ ಸಡಿಲಿಸಿತು.

ಪರಿಷ್ಕರಣೆ ಎಷ್ಟು ಬೇಗ ಬರುತ್ತದೆ? ಬ್ರೇವ್‌ನ 'ಅಬೌಟ್' ಪುಟ ತನ್ನ ಆವೃತ್ತಿಯ ಜೊತೆಗೆ ಕ್ರೋಮಿಯಂನ ಸಂಖ್ಯೆಯನ್ನೂ ತೋರಿಸುತ್ತದೆ. ನೀವು ಬಳಸುವ ಬ್ರೌಸರಿನಲ್ಲಿ ಆ ಸಂಖ್ಯೆಯನ್ನು ಹುಡುಕಿ ಕ್ರೋಮ್‌ನ ಇತ್ತೀಚಿನ ಆವೃತ್ತಿಯೊಡನೆ ಹೋಲಿಸಿ. ಹಲವು ಆವೃತ್ತಿಗಳಷ್ಟು ಹಿಂದುಳಿದಿದ್ದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಕೊಡುವವರಿಗೆ ಆದಾಯ ಎಲ್ಲಿಂದ? ಹುಡುಕುತಾಣಗಳ ಒಪ್ಪಂದ, ಜಾಹೀರಾತು, ಬಳಕೆದಾರರ ಮಾಹಿತಿ - ಇವುಗಳಲ್ಲಿ ಯಾವುದೆಂಬುದನ್ನು ಅರಿಯಿರಿ. ಮೊಜಿಲ್ಲಾದ ಆದಾಯದ ಸಿಂಹಪಾಲು ಕೂಡ ಗೂಗಲ್ ಕೊಡುವ ಹಣವೇ ಆಗಿದೆ ಎಂಬುದು ಇಲ್ಲಿನ ವಿಪರ್ಯಾಸ.

ಬಾಡಿ ಇಷ್ಟವಾಯಿತೆಂದು ಬ್ರೌಸರ್ ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಮ್ಯಾಕ್ಸ್‌ಥಾನ್ ಬಳಸಿದವರು ಮಾಡಿದ್ದೂ ಅದನ್ನೇ. ಆದರೆ ಜಾಲ ಒಬ್ಬರ ಕೈಗೆ ಹೋಗಬಾರದೆಂಬ ಕಾಳಜಿಯಿಂದ ನೀವು ಬದಲಾವಣೆ ಮಾಡುತ್ತಿದ್ದರೆ, ನೋಡಬೇಕಾದದ್ದು ಬಾನೆಟ್ಟಿನ ಒಳಗೆ.