ಕಿಸೆಯ ರೇಡಿಯೋ ಯಾವ ದಾರಿ ಹಿಡಿಯಿತು?

ವಿದ್ಯಾರ್ಥಿನಿಲಯದ ಕಡೆಯ ಕೋಣೆಯಲ್ಲಿ ತರುಣನೊಬ್ಬನು ಸಂಜೆ ಮುಕ್ಕಾಲು ಗಂಟೆ ಪಾಠದ ವಿಡಿಯೋ ನೋಡಿದನೆನ್ನೋಣ. ಫೋನು ವೈಫೈಗೆ ಸೇರಿರುವುದರಿಂದ ಮೊಬೈಲ್ ಡೇಟಾ ಖರ್ಚಾಗದೆಂದು ಅವನ ನಂಬಿಕೆ. ರಾತ್ರಿ ವಿದ್ಯುತ್ತು ಹೋಗಿ ವೈಫೈ ನಿಂತಿತು. ಕಾಲೇಜಿನ ಅರ್ಜಿಗೆ ಅಂದೇ ಕಡೆಯ ದಿನ. ಮೊಬೈಲ್ ಡೇಟಾದ ಮೊರೆಹೊಕ್ಕರೆ, ಅಂದಿನ ಪಾಲಿನ 1.5 ಜಿಬಿ ಆಗಲೇ ಮುಗಿದಿದೆಯೆಂಬ ಸಂದೇಶ! ಇದು ಹೇಗಾಯಿತು?

ನಾವು ಫೋನೆಂದು ಕರೆಯುವ ವಸ್ತು ವಾಸ್ತವವಾಗಿ ಹಲವು ರೇಡಿಯೋಗಳ ಕೂಟ. ಒಂದು, ಮೈಲಿ ದೂರದ ಗೋಪುರದೊಡನೆ ಮಾತನಾಡುವುದು. ಮತ್ತೊಂದು, ಮನೆಯೊಳಗಿನ ವೈಫೈ ಪೆಟ್ಟಿಗೆಯೊಡನೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರು, 5 ಗಿಗಾಹರ್ಟ್ಸ್ ಅಲೆಯದು 6 ಸೆಂಟಿಮೀಟರು. ಎರಡನೆಯದು ಹೆಚ್ಚು ವೇಗವನ್ನು ಕೊಡಬಲ್ಲದಾದರೂ ಗೋಡೆಗಳನ್ನು ದಾಟುವಾಗ ಬೇಗ ಸೊರಗುವುದು. ಕಡೆಯ ಕೋಣೆಗೆ ಬರುವಷ್ಟರಲ್ಲಿ ವೈಫೈ ಹೆಸರಿಗೆ ಮಾತ್ರ ಉಳಿದಿರುವುದುಂಟು.

ಇಂಥ ವೇಳೆ ಅನೇಕ ಫೋನುಗಳು ತಾವಾಗಿಯೇ ಮೊಬೈಲ್ ಡೇಟಾಕ್ಕೆ ಹೊರಳುತ್ತವೆ. 2015ರಲ್ಲಿ ಆಪಲ್ ಸಂಸ್ಥೆಯು ಐಫೋನಿಗೆ 'ವೈಫೈ ಅಸಿಸ್ಟ್' ಎಂಬ ಈ ಬಗೆಯ ಏರ್ಪಾಟನ್ನು ತಂದು, ಅದನ್ನು ಮೊದಲಿನಿಂದಲೇ ಚಾಲೂ ಇರಿಸಿತು. ಅರಿವಿಲ್ಲದೆ ಡೇಟಾ ಖರ್ಚಾಯಿತೆಂದು ಅದೇ ವರ್ಷ ಅಮೆರಿಕದ ಬಳಕೆದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಯಂತ್ರವು ಕೇಳದೆಯೇ ನೆರವಾಗುವುದು ಒಳ್ಳೆಯದೇ. ಆದರೆ ಹಣ ನಮ್ಮದಾದಾಗ ಒಂದು ಮಾತು ಕೇಳಬಾರದಿತ್ತೇ?

ಲೆಕ್ಕ ಸರಳ. ಸ್ಪಷ್ಟ ಚಿತ್ರದ ವಿಡಿಯೋ ಸೆಕೆಂಡಿಗೆ 50 ಲಕ್ಷ ಬಿಟ್‌ಗಳನ್ನು ಬೇಡಿದರೆ, ನಿಮಿಷಕ್ಕೆ 37.5 ಎಂಬಿ ಆಯಿತು. 40 ನಿಮಿಷದಲ್ಲಿ 1.5 ಜಿಬಿ ಬರಿದು. ಆ ಬಳಿಕ ವೇಗವನ್ನು ಸೆಕೆಂಡಿಗೆ 64 ಸಾವಿರ ಬಿಟ್‌ಗಳಿಗೆ ಇಳಿಸುವ ಯೋಜನೆಗಳಿವೆ. ಆಗ ಅರ್ಜಿಗೆ ಲಗತ್ತಿಸಬೇಕಾದ 1 ಎಂಬಿಯ ಒಂದು ಭಾವಚಿತ್ರ ಹೋಗಲು ಎರಡು ನಿಮಿಷಕ್ಕೂ ಮಿಕ್ಕಿ ಬೇಕು. ಅಷ್ಟರಲ್ಲಿ ಅರ್ಜಿಯ ಪುಟವೇ ಕಾದು ಕಾದು ಮುಚ್ಚಿಕೊಳ್ಳಬಹುದು.

ಆದುದರಿಂದ ವೈಫೈಯಲ್ಲಿರುವಾಗ ಮೊಬೈಲ್ ಡೇಟಾದ ಗುಂಡಿಯನ್ನು ಆರಿಸಿಡುವುದೇ ನೇರವಾದ ಉಪಾಯ. ಕರೆಗಳು ಎಂದಿನಂತೆ ಬರುತ್ತವೆ. ಪ್ರತಿಸಲವೂ ಇದು ಬೇಸರವೆನಿಸಿದರೆ, ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಹೊರಳುವ ಏರ್ಪಾಟನ್ನು ಹುಡುಕಿ ನಿಲ್ಲಿಸಬಹುದು. ಒಂದೊಂದು ಕಂಪನಿಯ ಫೋನಿನಲ್ಲಿ ಇದಕ್ಕೆ ಒಂದೊಂದು ಹೆಸರು! ಯಾವ ಆಪ್ ಎಷ್ಟು ಡೇಟಾ ಬಳಸಿತೆಂಬ ಪಟ್ಟಿಯೂ ಅಲ್ಲಿಯೇ ಸಿಗುವುದು. 'ಡೇಟಾ ಸೇವರ್' ಹಾಕಿದರೆ, ತೆರೆಯ ಹಿಂದೆ ಗುಟ್ಟಾಗಿ ದುಡಿಯುವ ಆಪ್‌ಗಳಿಗೆ ಕಡಿವಾಣ ಬೀಳುತ್ತದೆ.

ಮಲೆನಾಡಿನ ಕಣಿವೆಯ ಮನೆಗಳಲ್ಲಿ ತೊಂದರೆಯೇ ಬೇರೆ. ಅಲ್ಲಿ ಸೊರಗುವುದು ಡೇಟಾ ಅಲ್ಲ, ಬ್ಯಾಟರಿ. ಫೋನಿನ ಸಿಮ್ ವಿವರದ ಪುಟದಲ್ಲಿ ಸಂಕೇತದ ಬಲವನ್ನು 'ಡಿಬಿಎಂ' ಎಂಬ ಮಾನದಲ್ಲಿ ತೋರಿಸಿರುತ್ತಾರೆ. ಈ ಅಂಕಿ 10 ಇಳಿದರೆ ಬಲ ಹತ್ತರಲ್ಲೊಂದು ಪಾಲಾಯಿತೆಂದು ಅರ್ಥ. ಪೇಟೆಯಲ್ಲಿ -85 ಇದ್ದದ್ದು ಗುಡ್ಡದ ಮರೆಯಲ್ಲಿ -115 ಆದರೆ, ಸಂಕೇತವು ಸಾವಿರದಲ್ಲೊಂದು ಪಾಲಿಗೆ ಇಳಿದಂತಾಯಿತು! ದೂರದ ಗೋಪುರಕ್ಕೆ ಕೇಳಿಸಲೆಂದು ಫೋನು ಆಗ ತನ್ನ ದನಿಯನ್ನು ಏರಿಸುವುದು. 4ಜಿ ಫೋನುಗಳಲ್ಲಿ ಇದರ ಮೇರೆ ಸಾಮಾನ್ಯವಾಗಿ 200 ಮಿಲಿವ್ಯಾಟು. ಸಂಕೇತ ಪೂರ್ತಿ ತಪ್ಪಿಹೋದರಂತೂ ಹುಡುಕಾಟ ಮತ್ತೆ ಮತ್ತೆ ನಡೆದು ಮಧ್ಯಾಹ್ನಕ್ಕೇ ಬ್ಯಾಟರಿ ಬರಿದಾಗಬಹುದು.

ಮನೆಯಲ್ಲಿ ವೈಫೈ ಇದ್ದವರು ಏರೋಪ್ಲೇನ್ ಮೋಡ್ ಹಾಕಿ, ಅನಂತರ ವೈಫೈಯೊಂದನ್ನೇ ಮತ್ತೆ ಹಚ್ಚಿಕೊಳ್ಳಬಹುದು. ಗೋಪುರವನ್ನು ಅರಸುವ ರೇಡಿಯೋ ಆಗ ಮಲಗುವುದು. ಹಾಗಾದರೆ ಕರೆಗಳು? ಫೋನಿನಲ್ಲಿ ವೈಫೈ ಕಾಲಿಂಗ್ ಸೌಲಭ್ಯವಿದ್ದು ಅದನ್ನು ಚಾಲೂ ಮಾಡಿದ್ದರೆ ಅವೂ ವೈಫೈ ಮೂಲಕವೇ ಬರುತ್ತವೆ, ಇಲ್ಲದಿದ್ದರೆ ಬರುವುದಿಲ್ಲ. ಮನೆಯಲ್ಲಿ ಹಿರಿಯರೊಬ್ಬರೇ ಇರುವಾಗ ಇದನ್ನು ಮೊದಲು ಪರೀಕ್ಷಿಸಿ ನೋಡಿದ ಮೇಲೆಯೇ ಬಳಸತಕ್ಕದ್ದು.