ಹಳೆ ಕಾರಿಗೆ ಯಾವ ಆಯಿಲ್?

ಬಿಳಿಗೆರೆಯ ನಮ್ಮ ಮನೆ ಮುಂದೆ ಅಬ್ಬಾ ಅವರ ಹಳೆ ಪೆಟ್ರೋಲ್ ಅಂಬಾಸಿಡರ್ ನಿಂತಿರುತ್ತದೆ. ಮದುವೆ, ಆಸ್ಪತ್ರೆ ಎಂದು ನಂಜನಗೂಡಿಗೆ, ಮೈಸೂರಿಗೆ ಅದು ಬಾಡಿಗೆ ಹೋದರೇನೇ ನನ್ನ ಕಾಲೇಜು ಫೀಸು. ಕಳೆದ ಬೇಸಿಗೆಯಲ್ಲಿ, ದುಬಾರಿಯದೇ ಒಳ್ಳೆಯದೆಂದು ನಾನು ಹಟ ಹಿಡಿದು 0ಡಬ್ಲ್ಯೂ-20 ಆಯಿಲ್ ಹಾಕಿಸಿದೆ. ವಾರದೊಳಗೆ, ಎಂಜಿನ್ ಬಿಸಿಯಾಗಿ ಗಾಡಿ ನಿಂತಾಗಲೆಲ್ಲ ಆಯಿಲ್ ಪ್ರೆಷರಿನ ಕೆಂಪು ದೀಪ ಮಿನುಗತೊಡಗಿತು.

ಮೆಕ್ಯಾನಿಕ್ ಚಾಚಾ ಡಬ್ಬ ತೋರಿಸಿ ವಿವರಿಸಿದರು. ಡಬ್ಲ್ಯೂ ಎಂದರೆ ವಿಂಟರ್. ಅದರ ಎಡಗಡೆಯ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಬಗೆಯನ್ನು ಹೇಳುತ್ತದೆ. ಬಲಗಡೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದೆಷ್ಟು ಮಂದವೆಂದು. ಸವೆದ ಎಂಜಿನ್ನಿನಲ್ಲಿ ಬೇರಿಂಗ್ ಸಂದು ಅಗಲ. ತೆಳು ಆಯಿಲ್ ಅಲ್ಲಿಂದ ಬೇಗ ಜಾರಿಹೋಗಿ ಒತ್ತಡ ಕುಸಿಯುತ್ತದೆ. ಇನ್ನೊಂದು ಮಾತು: ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಹೊಸ ತೆಳು ಆಯಿಲ್‌ಗಳಲ್ಲಿ ರಂಜಕ ಕಡಿಮೆ ಮಾಡಿದ್ದಾರೆ. ಅಂಬಾಸಿಡರಿನ ಕ್ಯಾಮ್, ಟ್ಯಾಪೆಟ್ ಸವೆಯದಂತೆ ಕಾಯುವುದು ಸತು-ರಂಜಕದ ಸಂಯುಕ್ತವೇ.

ಈಗ 20ಡಬ್ಲ್ಯೂ-50 ಹಾಕಿದ್ದೇವೆ, ದೀಪ ಮಿನುಗುತ್ತಿಲ್ಲ. ಹಾಗೆಂದು ಇದನ್ನೇ ಹೊಸ ಕಾರಿಗೆ ಹಾಕಬೇಡಿ. ಬೆಲೆ ನೋಡುವ ಮೊದಲು ಗಾಡಿಯ ಕೈಪಿಡಿ ನೋಡಿ. ಅಬ್ಬಾ ನನ್ನನ್ನು ಬೈಯಲಿಲ್ಲ. ಈಗ ಡಬ್ಬದ ಮೇಲಿನ ಅಂಕಿಯನ್ನು ನನ್ನಿಂದಲೇ ಓದಿಸುತ್ತಾರೆ.